ಓದುಗರ ಪ್ರಶ್ನೆ: ಅಂಗೈಯಗಲದ ಪರದೆಯೊಳಗೆ ಅಂಥಾದ್ದೇನದ?

ಕೈಯಲ್ಲಿ ಹಿಡಿದು ಆಡುವ ಸಾಹಸದ ವಿಡಿಯೊ ಗೇಮ್‌ಗಳ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿಯಿಂದ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರ: ಮನ್ಯಾಗ 43 ಇಂಚಿನ ಟಿವಿ ಅದ. ಆದ್ರೂ ಮಗ ಅಂಗೈಯಷ್ಟು ಡಬ್ಬಿ ಹಿಡಕೊಂಡು ಮೂಲ್ಯಾಗ ಕುಂದರತಾನ. ಕೇಳಿದ್ರ ಕತ್ತಿ, ಮಾಟಗಾತಿ, ರಾಕ್ಷಸ ಅಂತಾನ. ಅಂಥಾದ್ದೇನದರಿ ಅದರಾಗ? (ಬ್ರಹ್ಮಪುರ, ಕಲಬುರಗಿ)

ಉ: ಕತ್ತಿ, ರಾಕ್ಷಸ ಎಲ್ಲ ಮೇಲಿನ ಸಿಂಗಾರ. ಒಳಗಿರುವುದು ಬೀಗ ಮತ್ತು ಕೀಲಿಯ ಲೆಕ್ಕ. ನಿಂಟೆಂಡೊ ಕಂಪನಿ 1993ರಲ್ಲಿ ಗೇಮ್ ಬಾಯ್ ಎಂಬ ತನ್ನ ಕೈಯಾಟದ ಯಂತ್ರಕ್ಕೆಂದೇ ತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಲಿಂಕ್ಸ್ ಅವೇಕನಿಂಗ್’ ಆಟವನ್ನೇ ತೆಗೆದುಕೊಳ್ಳಿ. ಸಮುದ್ರದ ಬಿರುಗಾಳಿಗೆ ಸಿಕ್ಕ ಲಿಂಕ್ ಎಂಬ ಹುಡುಗ ಕೊಹೊಲಿಂಟ್ ದ್ವೀಪಕ್ಕೆ ಬಂದು ಬಿದ್ದಿದ್ದಾನೆ. ಕತ್ತಿ ದಂಡೆಯ ಮೇಲೇ ಸಿಗುತ್ತದೆ. ಆದರೆ ಕಾಡಿಗೆ ಹೋದರೆ ರಕೂನ್ ಎಂಬ ಪ್ರಾಣಿಯೊಂದು ದಾರಿ ತಪ್ಪಿಸುತ್ತದೆ. ಮತ್ತೆ ಹೋದರೆ ಮತ್ತೆ ಅದೇ ಗೋಳು. ಕತ್ತಿಯಿಂದ ಏನೂ ಆಗುವುದಿಲ್ಲ. ಅದೇ ಕಾಡಿನಲ್ಲಿ ಒಂದು ಅಣಬೆ ಇದೆ, ಅದನ್ನು ಮಾಟಗಾತಿಗೆ ಕೊಟ್ಟರೆ ಪುಡಿ ಮಾಡಿಕೊಡುತ್ತಾಳೆ. ಆ ಪುಡಿ ಎರಚಿದರೆ ಪ್ರಾಣಿ ಹೋಗಿ ಊರಿನ ಮನುಷ್ಯ ಎದ್ದು ನಿಲ್ಲುತ್ತಾನೆ! ದಾರಿ ತೆರೆಯುತ್ತದೆ, ಕೀಲಿ ಸಿಗುತ್ತದೆ, ಆ ಕೀಲಿಯಿಂದ ಮೊದಲ ಗುಹೆ. ಗುಹೆಯೊಳಗೆ ಸಿಗುವ ಗರಿ ಕೈಗೆ ಬಂದರೆ ಹುಡುಗ ಜಿಗಿಯಬಲ್ಲ. ಅಲ್ಲಿಯವರೆಗೆ ಗುಂಡಿ ಕಂಡು ಹಿಂದಿರುಗಿದ ಜಾಗಗಳೆಲ್ಲ ಆಗ ಒಮ್ಮೆಲೇ ನೆನಪಾಗುತ್ತವೆ. ನಿಮ್ಮ ಮಗ ಡಬ್ಬಿ ಹಿಡಿದು ಮೂಲೆಯಲ್ಲಿ ಕೂರುವುದು ಬಹುಶಃ ಇಂಥ ಗಳಿಗೆಗಾಗಿಯೇ.

ಇನ್ನು ಪರದೆ ಸಣ್ಣದೆಂಬ ಮಾತು. ಗೇಮ್ ಬಾಯ್ ಪರದೆಯಲ್ಲಿ ಅಡ್ಡ 160, ಉದ್ದ 144 ಚುಕ್ಕಿ, ನಾಲ್ಕೇ ಛಾಯೆ. ಆಟ ಕಟ್ಟಿದವರು ಇದಕ್ಕೆ ತಕ್ಕಂತೆ ಲೋಕವನ್ನು ಕತ್ತರಿಸಿದರು. ಕೆಳಗಿನ ಒಂದು ಪಟ್ಟಿಯನ್ನು ಹೃದಯ (ಲಿಂಕ್‌ಗೆ ಉಳಿದ ಜೀವ), ರೂಪಾಯಿಯಂಥ ‘ರೂಪಿ’ಗಳ ಲೆಕ್ಕಕ್ಕೆ ಬಿಟ್ಟು, ಉಳಿದದ್ದನ್ನು ಅಡ್ಡ 10, ಉದ್ದ 8 ಚೌಕವಾಗಿ ಮಾಡಿದರು. ಅಷ್ಟೇ ಒಂದು ಕೋಣೆ. ಅಂಚಿಗೆ ಹೋದರೆ ಪರದೆ ಸರಿದು ಮುಂದಿನ ಕೋಣೆ. ಇಡೀ ದ್ವೀಪ 16 ಸಾಲು, ಸಾಲಿಗೆ 16, ಒಟ್ಟು 256 ಪರದೆ. ಬಹಳಷ್ಟು ಪರದೆಗಳಲ್ಲಿ ಏನೋ ಒಂದು ಅಡಗಿಸಿಟ್ಟಿರುತ್ತಾರೆ, ಬರೀ ಹುಲ್ಲಿಗೆಂದು ಜಾಗ ಬಿಡುವ ಐಷಾರಾಮ ಅವರಿಗಿರಲಿಲ್ಲ. ದೊಡ್ಡ ಪರದೆಯ ಎಷ್ಟೋ ಆಟಗಳಲ್ಲಿ ಮೈಲುಗಟ್ಟಲೆ ನಡೆದರೂ ಏನೂ ಸಿಗುವುದಿಲ್ಲ. ಅದಕ್ಕೆ ಹೋಲಿಸಿದರೆ ಈ ಇಕ್ಕಟ್ಟೇ ಲೇಸು.

ಜೆಲ್ಡಾ ಸರಣಿ 1986ರಲ್ಲಿ ಶುರುವಾಯಿತು. ಕ್ಯೋಟೊ ಬಳಿಯ ಸೊನೊಬೆಯಲ್ಲಿ ಚಿಕ್ಕಂದಿನಲ್ಲಿ ಗುಡ್ಡ, ಗುಹೆ ಸುತ್ತಿದ್ದೇ ಇದಕ್ಕೆ ಮೂಲ ಎಂದು ಅದನ್ನು ರೂಪಿಸಿದ ಶಿಗೆರು ಮಿಯಾಮೊಟೊ ಹೇಳಿದ್ದಾರೆ. ಬೀದರ್ ಕೋಟೆಯ ಮೂರು ಸುತ್ತಿನ ಕಂದಕದ ಆಚೆ ನಿಂತು ‘ಒಳಗೆ ಹೋಗೋದು ಎಲ್ಲಿಂದ?’ ಎಂದು ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರ: ಕಲಬುರಗಿಯಿಂದ ಬೀದರ್‌ಗೆ ಬಸ್ಸಿನಾಗ ಹೋಗೋವಾಗ ಆಡಬೇಕಂದ್ರ ನಡುವೆ ನಿಲ್ಲಿಸಿದ್ರ ಎಲ್ಲಾ ಹೋಗ್ತದೇನ್ರಿ? (ಹುಮನಾಬಾದ್)

ಉ: ಹೋಗುವುದಿಲ್ಲ. ನಿಂಟೆಂಡೊದ್ದೇ ‘ಸ್ವಿಚ್’ ಎಂಬ ಕೈಯಾಟದ ಯಂತ್ರ ಆದರೆ ಪವರ್ ಬಟನ್ ಒಮ್ಮೆ ಒತ್ತಿ, ಆಟ ಅಲ್ಲೇ ನಿದ್ದೆ ಹೋಗುತ್ತದೆ. ಆದರೆ ನಿದ್ದೆಯಲ್ಲೂ ಚೂರು ಚಾರ್ಜ್ ಖರ್ಚಾಗುತ್ತದೆ. ಪೂರ್ತಿ ಖಾಲಿಯಾದರೆ ಸೇವ್ ಮಾಡದ ಭಾಗ ಹೋಯಿತೆಂದೇ ಲೆಕ್ಕ. ಇಳಿಯುವ ಮುಂಚೆ ಸೇವ್ ಮಾಡಿ, ಆಮೇಲೆ ಬಟನ್ ಒತ್ತಿ.

ಪ್ರ: ಹೈದರಾಬಾದ್‌ನಾಗ ಹಳೇ ಸ್ವಿಚ್ ಸಿಗ್ತದ ಅಂತಾರ. ತಗೊಳ್ಳೋ ಮುಂದ ಏನು ನೋಡಬೇಕು? (ಬೀದರ್)

ಉ: ನಿಂಟೆಂಡೊ ಸ್ವಿಚ್ ಅನ್ನು ಭಾರತದಲ್ಲಿ ಅಧಿಕೃತವಾಗಿ ಮಾರುತ್ತಿಲ್ಲ. ಹೀಗಾಗಿ ವಾರಂಟಿಯ ಮಾತು ನಂಬಬೇಡಿ, ಅಂಗಡಿಯಲ್ಲೇ ಕೂತು ಪರೀಕ್ಷೆ ಮಾಡಿ.

ಮೊದಲು ಮಾಡೆಲ್ ನಂಬರ್ ಓದಿ. HAC-001 ಎಂದರೆ 2017ರದು. ಜೆಲ್ಡಾ ಸರಣಿಯ ‘ಬ್ರೆತ್ ಆಫ್ ದಿ ವೈಲ್ಡ್’ ಆಟ ಆಡಿದರೆ ಬ್ಯಾಟರಿ ಸುಮಾರು 3 ಗಂಟೆ. ಅದೇ ನಂಬರಿನ ಕೊನೆಗೆ ಕಂಸದಲ್ಲಿ -01 ಇದ್ದರೆ 2019ರ ಸುಧಾರಿತ ಮಾಡೆಲ್, ಸುಮಾರು 5.5 ಗಂಟೆ. ನೋಡಲು ಎರಡೂ ಒಂದೇ, ಬೆಲೆ ಮಾತಾಡುವಾಗ ಈ ಎರಡು ಅಂಕಿಯೇ ನಿಮ್ಮ ಆಯುಧ. 5.5 ಇಂಚಿನ ಪರದೆಯ ‘ಸ್ವಿಚ್ ಲೈಟ್’ ಎಂಬ ಮಾಡೆಲ್ ಹಗುರ, ಅಗ್ಗ, ಆದರೆ ಟಿವಿಗೆ ಹಾಕಲು ಬರುವುದಿಲ್ಲ.

ಆಮೇಲೆ ಸ್ಟಿಕ್, ಅಂದರೆ ಹೆಬ್ಬೆರಳಿನಿಂದ ಆಡಿಸುವ ಪುಟ್ಟ ಕಡ್ಡಿ. ಸಿಸ್ಟಮ್ ಸೆಟ್ಟಿಂಗ್ಸ್, ಅದರಲ್ಲಿ ಕಂಟ್ರೋಲರ್ಸ್ ಆ್ಯಂಡ್ ಸೆನ್ಸರ್ಸ್, ಅದರಲ್ಲಿ ಕ್ಯಾಲಿಬ್ರೇಟ್ ಕಂಟ್ರೋಲ್ ಸ್ಟಿಕ್ಸ್. ಸ್ಟಿಕ್ ಸುತ್ತ ತಿರುಗಿಸಿ ಕೈ ಬಿಡಿ. ಗುರುತು ನಡುವೆ ಬಂದು ನಿಲ್ಲಬೇಕು. ತಾನಾಗಿ ಒಂದು ಕಡೆ ಜಾರಿದರೆ ಒಳಗಿನ ಕಾರ್ಬನ್ ಲೇಪ ಸವೆದಿದೆ, ಇಲ್ಲವೇ ಧೂಳು ಸೇರಿದೆ. ಇಂಥ ಸ್ಟಿಕ್‌ನಲ್ಲಿ ಜೆಲ್ಡಾ ಆಡಿದರೆ ನೀವು ಸುಮ್ಮನಿದ್ದರೂ ಲಿಂಕ್ ತಾನೇ ಹೋಗಿ ಕಂದಕಕ್ಕೆ ಬೀಳುತ್ತಾನೆ. ಸ್ಪ್ರೇ ಹೊಡೆದು ಸರಿಮಾಡಿದ್ದು ಕೆಲವೇ ದಿನ ನಿಲ್ಲುತ್ತದೆ, ಸ್ಟಿಕ್ ಬದಲಿಸುವುದೇ ಪರಿಹಾರ. ಬಿಚ್ಚಲು ವೈ ಆಕಾರದ ತುದಿಯ ಸ್ಕ್ರೂ ಡ್ರೈವರ್ ಬೇಕು. ಒಳಗಿನ ಚಪ್ಪಟೆ ರಿಬ್ಬನ್ ಕೇಬಲ್ ಎಳೆದರೆ ಹರಿಯುತ್ತದೆ, ಮೊದಲು ಅದರ ಕ್ಲಿಪ್ ಎತ್ತಬೇಕು. ಲೈಟ್‌ನಲ್ಲಿ ಸ್ಟಿಕ್ ಇರುವ ಬದಿಯ ಹಿಡಿಕೆ ಪ್ರತ್ಯೇಕವಾಗಿ ಕಳಚುವುದಿಲ್ಲ, ಇಡೀ ಮೈ ಬಿಚ್ಚಬೇಕು.

ಕೊನೆಗೆ ಅಲ್ಲೇ ವೈಫೈಗೆ ಸೇರಿಸಿ ಇ-ಶಾಪ್ (ನಿಂಟೆಂಡೊದ ಆನ್‌ಲೈನ್ ಆಟದಂಗಡಿ) ತೆರೆಯಿರಿ. ಕಂಪನಿ ನಿಷೇಧಿಸಿದ ಯಂತ್ರ ಆದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಪ್ರ: ಏಪ್ರಿಲ್‌ದಾಗ ಸ್ವಿಚ್ ಕೈ ಸುಡೋ ಹಾಂಗ ಕಾಯ್ತದ. ಕೆಟ್ಟದೇನು? (ಶಹಾಪುರ, ಯಾದಗಿರಿ)

ಉ: ಕೆಟ್ಟಿರಲಿಕ್ಕಿಲ್ಲ. ಕಂಪನಿ ಹೇಳುವುದು 5ರಿಂದ 35 ಡಿಗ್ರಿ, ನಮ್ಮ ಕಡೆಯ ಬೇಸಿಗೆ ಅದನ್ನು ಎಂದೋ ದಾಟಿರುತ್ತದೆ. ಒಳಗಿನ ಫ್ಯಾನ್ ಬಿಸಿಗಾಳಿಯನ್ನು ಮೇಲಿನ ಕಿಂಡಿಯಿಂದ ತಳ್ಳುತ್ತದೆ. ಹಾಸಿಗೆ ಮೇಲಿಟ್ಟರೆ, ದಪ್ಪ ಕವರ್ ಹಾಕಿದರೆ ಗಾಳಿ ಆಡುವುದಿಲ್ಲ. ಚಾರ್ಜ್ ಮಾಡುತ್ತಲೇ ಆಡಿದರೆ ಬಿಸಿ ಇಮ್ಮಡಿ, ಹೊತ್ತು ಇಳಿದ ಮೇಲೆ ಆಡಿ. ಹಿಂಬದಿ ಉಬ್ಬಿದಂತೆ ಕಂಡರೆ ಅದು ಬ್ಯಾಟರಿ: ತಕ್ಷಣ ಆಫ್ ಮಾಡಿ, ಮತ್ತೆ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ.

ತಮಾಷೆಯೆಂದರೆ ‘ಬ್ರೆತ್ ಆಫ್ ದಿ ವೈಲ್ಡ್’ನ ಗೆರುಡೊ ಮರುಭೂಮಿಯಲ್ಲೂ ಇದೇ ಪಾಡು. ಹಗಲು ಸುಮ್ಮನೆ ನಡೆದರೆ ಹೃದಯ ಕಡಿಮೆಯಾಗುತ್ತ ಹೋಗುತ್ತದೆ. ಕಲ್ಲಂಗಡಿಯಂಥ ಹೈಡ್ರೊಮೆಲನ್ ಬೇಯಿಸಿ ತಿಂದರೆ ತುಸು ಹೊತ್ತು ಬಿಸಿಲು ತಾಗುವುದಿಲ್ಲ. ರಾತ್ರಿಯಾದರೆ ಅಲ್ಲೇ ಚಳಿ, ಆಗ ಮೆಣಸಿನಕಾಯಿಯ ಅಡುಗೆ ಬೇಕು.

ಪ್ರ: ಮಗಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆಡಬಹುದೇ? (ಬಸವಕಲ್ಯಾಣ)

ಉ: ಆಡಬಹುದು. ಕನ್ನಡ ಇಲ್ಲ, ಆದರೆ ಮಾತುಗಳು ಚಿಕ್ಕವು, ಬಟನ್ ಒತ್ತುವವರೆಗೆ ನಿಂತಿರುತ್ತವೆ. ಮೊದಲ ಒಂದು ಗಂಟೆ ಪಕ್ಕದಲ್ಲಿ ಕೂತು ಓದಿ ಹೇಳಿ ಸಾಕು.

ಪ್ರ: ದುಬೈಯಿಂದ ಬಂದ ಹಳೇ ಗೇಮ್ ಬಾಯ್ ಕ್ಯಾಸೆಟ್ ಇದೆ. ಆಟ ಓಡುತ್ತೆ, ಆದರೆ ಸೇವ್ ಉಳಿಯುತ್ತಿಲ್ಲ. (ಸೂಪರ್ ಮಾರ್ಕೆಟ್, ಕಲಬುರಗಿ)

ಉ: ಒಳಗೊಂದು 3 ವೋಲ್ಟಿನ ಗುಂಡಿ ಸೆಲ್ ಇದೆ, ಸೇವ್ ಉಳಿಯುವುದು ಅದರ ಬಲದಿಂದ. ಅದು ಸತ್ತಿದೆ. ಕ್ಯಾಸೆಟ್ ಬಿಚ್ಚಲು 3.8 ಮಿಲಿಮೀಟರಿನ ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂ ಡ್ರೈವರ್ ಬೇಕು, ಚಾಕುವಿನಿಂದ ಎಬ್ಬಿದರೆ ಪ್ಲಾಸ್ಟಿಕ್ ಒಡೆಯುತ್ತದೆ. ಹಳೆಯ ಸೆಲ್ ಮೇಲಿನ ನಂಬರ್ ನೋಡಿ, ಅದೇ ನಂಬರಿನ, ಎರಡು ಬದಿಗೂ ಲೋಹದ ಪಟ್ಟಿ ಅಂಟಿಸಿಯೇ ಬರುವ ಸೆಲ್ ತನ್ನಿ. ಬರೀ ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಿದರೆ ಶಾಖಕ್ಕೆ ಒಡೆಯಬಹುದು. ಪ್ಲಸ್, ಮೈನಸ್ ತಿರುವುಮುರುವಾಗದಂತೆ ಬಿಚ್ಚುವ ಮುಂಚೆಯೇ ಫೋಟೊ ತೆಗೆದಿಟ್ಟುಕೊಳ್ಳಿ. ಇನ್ನು, ಆಟ ಶುರುವಾಗದಿದ್ದಾಗ ಕ್ಯಾಸೆಟ್ಟಿಗೆ ಬಾಯಿಂದ ಊದುವ ಚಟ ಬಿಡಿ. ಎಂಜಲಿನ ತೇವಕ್ಕೆ ಸಂಪರ್ಕದ ಪಟ್ಟಿ ಕಿಲುಬು ಹಿಡಿಯುತ್ತದೆ. ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.