ಓದುಗರ ಪ್ರಶ್ನೆ: ಮಗನ ಆಟಿಸಂ ಅಸೆಸ್ಮೆಂಟ್ ಇಂಗ್ಲಿಷಲ್ಲಿ ಮಾಡಿದ್ರು, ನಂಬಬಹುದಾ?

ಪ್ರಶ್ನೆ: ಅಕ್ಕಾ, ನಾವಿರೋದು ಡೊಂಬಿವಲಿಯಲ್ಲಿ, ಊರು ಕುಂದಾಪುರದ ಹತ್ರ. ಮಗನಿಗೆ 3 ವರ್ಷ 8 ತಿಂಗಳು. ಮನೇಲಿ ಕನ್ನಡ, ಕೆಳಗೆ ಬಿಲ್ಡಿಂಗ್ ಮಕ್ಕಳ ಜೊತೆ ಮರಾಠಿ ಹಿಂದಿ, ಪ್ಲೇಸ್ಕೂಲಲ್ಲಿ ಇಂಗ್ಲಿಷ್. ಮಾತು ಕಮ್ಮಿ. ಕರೆದ್ರೆ ಎಷ್ಟೋ ಸಲ ತಿರುಗೋದೇ ಇಲ್ಲ, ಫ್ಯಾನ್ ನೋಡ್ತಾ ನಿಂತ್ಬಿಡ್ತಾನೆ, ಕುಕ್ಕರ್ ಸೀಟಿ ಹೊಡೆದ್ರೆ ಕಿವಿ ಮುಚ್ಕೊಂಡು ಅಳ್ತಾನೆ. ಟೀಚರ್ ಅಸೆಸ್ಮೆಂಟ್ ಮಾಡಿಸಿ ಅಂದ್ರು. ಸರ್ಕಾರಿ ಆಸ್ಪತ್ರೇಲಿ ತಿಂಗಳುಗಟ್ಟಲೆ ಕಾಯ್ಬೇಕು ಅಂತ ಕೇಳಿ ಒಂದು ಪ್ರೈವೇಟ್ ಸೆಂಟರಿಗೆ ಹೋದ್ವಿ, 18 ಸಾವಿರ ಕಟ್ಟಿದ್ವಿ. ನಮ್ಮ ಹತ್ರ ಹೌದು ಇಲ್ಲ ಅಂತ ಟಿಕ್ ಮಾಡೋ 20 ಪ್ರಶ್ನೆ ತುಂಬಿಸಿದ್ರು, ಮಗನ ಜೊತೆ ಒಬ್ರು ಮೇಡಂ ಮುಕ್ಕಾಲು ಗಂಟೆ ಕೂತ್ರು, ಎಲ್ಲಾ ಇಂಗ್ಲಿಷಲ್ಲೇ. ಅವನು ಕೂರ್ಲೇ ಇಲ್ಲ. ಮೈಲ್ಡ್ ಆಟಿಸಂ ಅಂತ ಒಂದು ಪೇಜ್ ಬರೆದು ಕೊಟ್ರು. ಇನ್ಮೇಲೆ ಮನೇಲಿ ಕನ್ನಡ ನಿಲ್ಲಿಸಿ ಬರೀ ಇಂಗ್ಲಿಷ್ ಮಾತಾಡಿ, 6 ತಿಂಗಳ ಥೆರಪಿ ಪ್ಯಾಕೇಜಿಗೆ ಅಡ್ವಾನ್ಸ್ ಕಟ್ಟಿ ಅಂದ್ರು. ಅತ್ತೆಗೆ ಇಂಗ್ಲಿಷ್ ಬರಲ್ಲ, ಈಗ ಅವನ ಮುಂದೆ ಬಾಯಿ ಬಿಡೋಕೇ ಹೆದರ್ತಾರೆ. ‘ಇವ್ನ ಅಪ್ಪನೂ ತಡವಾಗಿಯೇ ಮಾತಾಡಿದ್ದು, ಸುಮ್ನಿರಿ’ ಅಂತಾನೂ ಅಂತಾರೆ. ಯಾರನ್ನ ನಂಬೋದು ಗೊತ್ತಾಗ್ತಿಲ್ಲ. ಈ ಪೇಪರ್ ಮುಂದೆ ಅವನಿಗೆ ತೊಂದರೆ ಆಗತ್ತಾ?

ಉತ್ತರ: ತಂಗೀ, ಮೊದಲು ಕನ್ನಡದ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಅದನ್ನ ಇವತ್ತು ರಾತ್ರಿ ಊಟದ ಹೊತ್ತಿಂದಾನೇ ಸರಿ ಮಾಡ್ಬೋದು. ಕನ್ನಡ ನಿಲ್ಲಿಸ್ಬೇಡಿ. ಎರಡು ಮೂರು ಭಾಷೆ ಕಿವಿಗೆ ಬಿದ್ರೆ ಆಟಿಸಂ ಬರಲ್ಲ, ಆಟಿಸಂ ಇರೋ ಮಕ್ಕಳಿಗೂ ಅದ್ರಿಂದ ಮಾತು ಇನ್ನಷ್ಟು ತಡ ಆಗಲ್ಲ, ಎರಡು ಭಾಷೆ ಮನೆಯ ಮಕ್ಕಳನ್ನೂ ಒಂದೇ ಭಾಷೆ ಮನೆಯ ಮಕ್ಕಳನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನಗಳೇ ಇದನ್ನ ಹೇಳಿವೆ. ಆದ್ರೆ ಅಜ್ಜಿ ಬಾಯಿ ಮುಚ್ಚಿಸಿದ್ರೆ ಏನಾಗತ್ತೆ ಅನ್ನೋದಕ್ಕೆ ಅಧ್ಯಯನ ಬೇಕಾ? ದಿನದಲ್ಲಿ ಅತಿ ಹೆಚ್ಚು ಹೊತ್ತು ಅವನ ಜೊತೆ ಇರೋರು ಅವರು, ಕಿಟಕಿ ಹತ್ರ ಕೂರಿಸಿ ಕಾಗೆ ಗುಬ್ಬಿ ತೋರಿಸ್ತಾ ತುತ್ತು ಇಡೋರು ಅವರು. ಮಾತು ಕಮ್ಮಿ ಇರೋ ಮಗುವಿನ ಹತ್ರ ಮಾತಾಡೋರನ್ನೇ ತೆಗೆದುಹಾಕೋದು ಯಾವ ಚಿಕಿತ್ಸೆ? ಅತ್ತೆಗೆ ಹೇಳಿ, ಮೊದಲಿನ ಹಾಗೆ ಕುಂದಾಪ್ರ ಕನ್ನಡದಲ್ಲೇ ಮಾತಾಡ್ಲಿ, ಚಿಕ್ಕ ಚಿಕ್ಕ ವಾಕ್ಯ, ಅವನ ಕಣ್ಣಿನ ಎತ್ತರಕ್ಕೆ ಕೂತು.

ಕಾಗೆ ಅಂದಾಗ ನೆನಪಾಯ್ತು. ನಾನು ಮಕ್ಕಳನ್ನ ಅಸೆಸ್ಮೆಂಟ್ ಮಾಡೋ ಈ ಕೆಲಸಕ್ಕೆ ಹೊಸದಾಗಿ ಸೇರಿದಾಗ ಮುಲುಂಡ್ ಕಡೆಯ ನಾಲ್ಕು ವರ್ಷದ ಒಂದು ಹುಡುಗೀನ ಕರ್ಕೊಂಡು ಬಂದಿದ್ರು. ಚಿತ್ರದ ಕಾರ್ಡಲ್ಲಿ ಕಾಗೆ ತೋರಿಸಿದೆ, ‘ಕಕ್ಕೆ’ ಅಂದ್ಳು. ನಾನು ಶೀಟಲ್ಲಿ ಅರ್ಥ ಇಲ್ಲದ ಶಬ್ದ ಅಂತ ಬರೆದೆ. ಆಮೇಲೆ ಹೊರಗೆ ಬೆಂಚಲ್ಲಿ ಕೂತಿದ್ದ ಅವಳ ಅಜ್ಜಿ ಹೇಳಿದ್ರು, ತುಳುವಲ್ಲಿ ಕಾಗೆಗೆ ಕಕ್ಕೆ ಅಂತಾನೇ ಹೇಳೋದು ಅಂತ. ನನಗೆ ಕನ್ನಡ ಬರತ್ತೆ, ತುಳು ಬರಲ್ಲ, ಬರಲ್ಲ ಅನ್ನೋದನ್ನ ಕೇಳಿ ತಿಳ್ಕೋಬೇಕು ಅನ್ನೋ ಬುದ್ಧಿಯೂ ಆಗ ಇರಲಿಲ್ಲ. ಆ ಮಗು ಸರಿಯಾಗಿ ಹೇಳಿದ ಇನ್ನೆಷ್ಟು ಪದಕ್ಕೆ ನಾನು ಕಾಟು ಹೊಡೆದಿದ್ನೋ, ಇವತ್ತಿಗೂ ಮನಸ್ಸಿಗೆ ಚುಚ್ಚತ್ತೆ. ಅದಕ್ಕೇ ಯಾರೇ ರಿಪೋರ್ಟ್ ತಂದು ತೋರಿಸಿದ್ರೂ ನಾನು ಮೊದಲು ಕೇಳೋದು, ಮಗೂನ ಯಾವ ಭಾಷೇಲಿ ನೋಡಿದ್ರು?

ಇನ್ನು ಆ 20 ಪ್ರಶ್ನೆ. ನೀವು ಹೇಳೋದು ನೋಡಿದ್ರೆ ಅದು ಎಂ-ಚಾಟ್ ಇರ್ಬೇಕು. ಅದನ್ನ ಮಾಡಿರೋದು 16ರಿಂದ 30 ತಿಂಗಳ ಮಕ್ಕಳಿಗೆ, ನಿಮ್ಮ ಮಗನಿಗೆ ಈಗ 44 ತಿಂಗಳು. ಅಷ್ಟೇ ಅಲ್ಲ, ಅದು ಬರೀ ಜರಡಿ, ಮುಂದೆ ಸರಿಯಾಗಿ ನೋಡಿಸಬೇಕಾ ಬೇಡ್ವಾ ಅಂತ ಹೇಳೋಕೆ ಇರೋದು, ಅದನ್ನಿಟ್ಟು ಆಟಿಸಂ ಇದೆ ಅಂತ ತೀರ್ಮಾನ ಬರೆಯೋ ಹಾಗಿಲ್ಲ.

ಹಾಗಂತ ನಿಮ್ಮ ಅತ್ತೆ ಹೇಳೋ ಹಾಗೆ ಸುಮ್ನಿರೋಕೂ ಆಗಲ್ಲ ತಂಗೀ, ಇದನ್ನ ಗಟ್ಟಿಯಾಗೇ ಹೇಳ್ತೀನಿ. ಆ ಸೆಂಟರಿನೋರು ನೋಡಿದ ರೀತಿ ತಪ್ಪು, ಆದ್ರೆ ಅವರು ಬರೆದಿದ್ದು ನಿಜವೇ ಇರಬಹುದು. ಹೆಸರು ಕರೆದ್ರೆ ತಿರುಗದೇ ಇರೋದು, ಶಬ್ದಕ್ಕೆ ಅಷ್ಟು ಸಂಕಟ ಪಡೋದು ಇವು ಭಾಷೆ ಕಲಬೆರಕೆಯಿಂದ ಬರೋದಲ್ಲ. ಮನೇಲಿ ಒಂದು ವಾರ ಗಮನಿಸಿ: ಆಕಾಶದಲ್ಲಿ ವಿಮಾನ ಹೋದ್ರೆ ಬೆರಳು ತೋರಿಸಿ ನಿಮ್ಮ ಮುಖ ನೋಡ್ತಾನಾ, ಅಂದ್ರೆ ನೀನೂ ನೋಡು ಅನ್ನೋ ಹಾಗೆ? ಖಾಲಿ ಲೋಟದಲ್ಲಿ ಚಾ ಕುಡಿದ ಹಾಗೆ, ಗೊಂಬೆಗೆ ಊಟ ಮಾಡಿಸಿದ ಹಾಗೆ ಆಟ ಆಡ್ತಾನಾ? ಇದಕ್ಕೆ ಯಾವ ಭಾಷೆಯೂ ಬೇಡ. ಒಂದು ನೋಟ್‌ಬುಕ್ಕಲ್ಲಿ ಅವನು ಹೇಳೋ ಪ್ರತಿ ಪದ ತಾರೀಖು ಹಾಕಿ ಬರೀರಿ, ನೀರು, ಬಾ, ಪಾಣಿ, ಚಲ್, ಬಸ್, ನೋ, ಎಲ್ಲಾ ಭಾಷೆಯದ್ದೂ ಸೇರಿಸಿ ಎಣಿಸ್ಬೇಕು, ಮತ್ತೆ ಅದನ್ನ ಕೇಳೋಕೆ ಹೇಳಿದ್ನಾ, ತೋರಿಸೋಕೆ ಹೇಳಿದ್ನಾ, ಇಲ್ಲಾ ಬರೀ ನಾವಂದಿದ್ದನ್ನ ತಿರುಗಿ ಅಂದ್ನಾ ಅಂತಾನೂ. ಅಜ್ಜಿ ಜೊತೆ, ಪಾರ್ಕಲ್ಲಿ, ಊಟದ ಹೊತ್ತಲ್ಲಿ ಎರಡೆರಡು ನಿಮಿಷದ ವಿಡಿಯೋ ಮೊಬೈಲಲ್ಲಿ ಹಿಡಿದಿಡಿ. ಹೊಸ ಜಾಗದಲ್ಲಿ ಅಳ್ತಾ ಓಡಾಡೋ ಮಗು ಮನೇಲಿ ಏನು ಮಾಡತ್ತೆ ಅಂತ ಡಾಕ್ಟರಿಗೆ ಬೇರೆ ಹೇಗೆ ಗೊತ್ತಾಗ್ಬೇಕು?

ಇದೆಲ್ಲಕ್ಕಿಂತ ಮುಂಚೆ ಕಿವಿ ಟೆಸ್ಟ್ ಮಾಡಿಸಿ. ಕುಕ್ಕರ್ ಸೀಟಿ ಕೇಳತ್ತಲ್ಲ ಅಂತ ಬಿಡ್ಬೇಡಿ, ದೊಡ್ಡ ಶಬ್ದ ಕೇಳಿ ಮೆಲ್ಲಗಿನ ಮಾತು ಕೇಳದೇ ಇರೋ ಮಕ್ಕಳಿದ್ದಾರೆ. ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಸಂಸ್ಥೆ ಇದೆ, ಕೇಂದ್ರ ಸರ್ಕಾರದ್ದು, ಕಿವಿ ಮತ್ತೆ ಮಾತಿನ ಪರೀಕ್ಷೆಗೇ ಇರೋದು.

ಆಮೇಲೆ ಎರಡನೇ ಅಸೆಸ್ಮೆಂಟ್. ಹೌದು, ಮಾಡಿಸಿ. ಪ್ರೈವೇಟಲ್ಲಿ ಮಾಡಿಸೋದು ತಪ್ಪೇನಲ್ಲ, ನಾಲ್ಕು ವರ್ಷದೊಳಗಿನ ಮಗುವಿಗೆ ಕಾಯೋದೇ ನಷ್ಟ, ಆದ್ರೆ ದುಡ್ಡು ಕೊಟ್ಟು ಬೇಗ ಮಾಡಿಸೋದು ಬೇರೆ, ಅವಸರದಲ್ಲಿ ಮಾಡಿಸೋದು ಬೇರೆ. ಫೋನ್ ಮಾಡಿದಾಗಲೇ ಕೇಳಿ, ನೋಡೋರು ಡೆವಲಪ್‌ಮೆಂಟಲ್ ಪೀಡಿಯಾಟ್ರಿಷಿಯನ್ನೋ (ಮಕ್ಕಳ ಬೆಳವಣಿಗೆ ನೋಡೋ ಡಾಕ್ಟರು), ಮಕ್ಕಳ ಸೈಕಿಯಾಟ್ರಿಸ್ಟೋ, ಕ್ಲಿನಿಕಲ್ ಸೈಕಾಲಜಿಸ್ಟೋ. ಸೈಕಾಲಜಿಸ್ಟ್ ಆದ್ರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ನಂಬರ್ ಇರ್ಬೇಕು, ಕೇಳೋದಕ್ಕೆ ನಾಚಿಕೆ ಬೇಡ, ಇರೋರು ಬೇಜಾರಿಲ್ಲದೇ ಹೇಳ್ತಾರೆ. ಸರಿಯಾಗಿ ನೋಡೋರು ಬಸುರಿಯಲ್ಲಿ ಏನಾಯ್ತು, ಹೆರಿಗೆ ಹೇಗಾಯ್ತು, ಯಾವಾಗ ಕೂತ, ಯಾವಾಗ ನಡೆದ ಅಂತೆಲ್ಲಾ ನಿಮ್ಮ ಹತ್ರಾನೇ ತುಂಬ ಹೊತ್ತು ಮಾತಾಡ್ತಾರೆ, ಸ್ಕೂಲಿನೋರ ಅಭಿಪ್ರಾಯ ತರಿಸ್ಕೊಳ್ತಾರೆ, ಮಗು ಆಡೋದನ್ನ ನೋಡ್ತಾರೆ, ಬೇಕಾದ್ರೆ ಎರಡು ಮೂರು ಸಲ ಕರೀತಾರೆ. ನಮ್ಮ ದೇಶದಲ್ಲೇ ಮಾಡಿರೋ ಐಸಾ ಅನ್ನೋ ಮಾಪನ ಇದೆ, 40 ಅಂಶ, ಒಂದೊಂದಕ್ಕೆ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕೆಳಗಿದ್ರೆ ಆಟಿಸಂ ಇಲ್ಲ ಅಂತ, 70ರಿಂದ 106 ಮೈಲ್ಡ್. ಅಪ್ಪ ಅಮ್ಮನ ಜೊತೆ ಮಾತಾಡದೇ ಅದನ್ನ ತುಂಬೋಕೇ ಬರಲ್ಲ. ನಿಮ್ಮ ಆ ಒಂದು ಪೇಜಿನ ರಿಪೋರ್ಟಲ್ಲಿ ಯಾವ ಮಾಪನ, ಎಷ್ಟು ಅಂಕ, ಯಾವ ಭಾಷೆ, ಸಹಿ ಹಾಕಿದೋರ ನೋಂದಣಿ ನಂಬರ್ ಇದೆಯಾ ನೋಡಿ. ಇಲ್ಲ ಅಂದ್ರೆ ಹೋಗಿ ಬರೆಸ್ಕೊಳ್ಳಿ, 18 ಸಾವಿರ ಕೊಟ್ಟಿದ್ದೀರ.

ಎಲ್ಲಿ ಅಂತ ಕೇಳ್ತೀರ. ಮುಂಬೈಯಲ್ಲಿ ಸಯನ್, ಕೆಇಎಂ, ನಾಯರ್ ಆಸ್ಪತ್ರೆಗಳಿವೆ, ಹೊರಗೆ 2001ರಿಂದ ಮಕ್ಕಳ ಬೆಳವಣಿಗೆ ಕೆಲಸವನ್ನೇ ಮಾಡ್ತಿರೋ ಉಮ್ಮೀದ್ ಇದೆ. ಕಾಯೋ ಪಟ್ಟಿಯಲ್ಲಿ ಹೆಸರು ಬರೆಸಿ, ಕಾಯ್ತಾ ಬೇರೆ ಕಡೆ ಪ್ರಯತ್ನ ಮಾಡಿ. ಆದ್ರೆ ನಿಮ್ಮೂರು ಕುಂದಾಪುರ ಅಂದ್ರಲ್ಲ, ನನ್ನ ಮನಸ್ಸಲ್ಲಿರೋದು ಹೇಳ್ತೀನಿ: ಊರಿಗೆ ಹೋಗೋದಿದ್ರೆ ಮುಂಚೆನೇ ಅಪಾಯಿಂಟ್‌ಮೆಂಟ್ ತಗೊಂಡು ಮಣಿಪಾಲದಲ್ಲಿ ತೋರಿಸಿ. ಥಾಣೆಯಲ್ಲಿ ಮತ್ಸ್ಯಗಂಧ ಹತ್ತಿದ್ರೆ ಕುಂದಾಪುರದಲ್ಲಿ ಇಳೀತೀರ, ಅಲ್ಲಿಂದ ಮಣಿಪಾಲ ಎಷ್ಟು ದೂರ ಹೇಳಿ. ಅಲ್ಲಿ ಅಜ್ಜಿಯೂ ಒಳಗೆ ಕೂತು ಮಾತಾಡ್ಬೋದು, ಅವರು ಹೇಳಿದ್ದು ಡಾಕ್ಟರಿಗೆ ಅರ್ಥವೂ ಆಗತ್ತೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಕೂಡ ಇವೆ, ನಿಮಗೆ ಅದು ಸುತ್ತು ದಾರಿ.

ಆರು ತಿಂಗಳ ಅಡ್ವಾನ್ಸ್ ಕಟ್ಟಬೇಡಿ. ಮಾತು ತಡ ಆಗಿರೋದು ಕಣ್ಣಿಗೆ ಕಾಣ್ತಿದೆಯಲ್ಲ, ಅದಕ್ಕೆ ಸ್ಪೀಚ್ ಥೆರಪಿ ಶುರು ಮಾಡೋಕೆ ಆಟಿಸಂ ಅನ್ನೋ ಹೆಸರು ಸಿಗೋವರೆಗೂ ಕಾಯೋ ಅಗತ್ಯ ಇಲ್ಲ, ತಿಂಗಳ ಲೆಕ್ಕದಲ್ಲಿ ಕಟ್ಟಿ, ನಿಮ್ಮನ್ನ ಒಳಗೆ ಕೂರಿಸಿ ಹೇಳಿಕೊಡೋರ ಹತ್ರ ಹೋಗಿ. ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಯಾರಾದ್ರೂ ಲಕ್ಷಗಟ್ಟಲೆ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ. ಆಟಿಸಂಗೆ ಅದನ್ನ ಮಾಡಬಾರದು ಅಂತ ನ್ಯಾಷನಲ್ ಮೆಡಿಕಲ್ ಕಮಿಷನ್ 2022ರಲ್ಲೇ ಹೇಳಿದೆ.

ಪೇಪರಿಂದ ತೊಂದರೆ ಆಗತ್ತಾ ಅಂದ್ರಿ. ಪ್ರೈವೇಟ್ ರಿಪೋರ್ಟ್ ನಿಮ್ಮ ಕಪಾಟಲ್ಲಿರತ್ತೆ, ಯಾರಿಗೆ ತೋರಿಸ್ಬೇಕು ಅನ್ನೋದು ನಿಮ್ಮಿಷ್ಟ. ಸರ್ಕಾರಿ ಸವಲತ್ತಿಗೆ ಅದು ಸಾಕಾಗಲ್ಲ, ಸರ್ಕಾರದ ಸ್ವಾವಲಂಬನ್ ಪೋರ್ಟಲಲ್ಲಿ ಅರ್ಜಿ ಹಾಕಿ ಸರ್ಕಾರಿ ಆಸ್ಪತ್ರೆಯಿಂದ ಅಂಗವೈಕಲ್ಯದ ಸರ್ಟಿಫಿಕೇಟ್ ತಗೋಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯದಲ್ಲಿ ಆಟಿಸಂ ಇದೆ, ಆ ಕಾಯ್ದೆ ಪ್ರಕಾರ ಮಾನ್ಯತೆ ಇರೋ ಸ್ಕೂಲಿನೋರು ಇದನ್ನೇ ಕಾರಣ ಮಾಡಿ ಮಗೂನ ಸೇರಿಸ್ಕೊಳ್ಳಲ್ಲ ಅನ್ನೋ ಹಾಗಿಲ್ಲ. ಸರ್ಟಿಫಿಕೇಟ್ ಇದ್ರೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷದವರೆಗೂ ಸಿಗತ್ತೆ, ನಿಮ್ಮ ಯಜಮಾನ್ರು ಹಳೇ ಟ್ಯಾಕ್ಸ್ ಪದ್ಧತಿಯಲ್ಲಿದ್ರೆ ಸರ್ಟಿಫಿಕೇಟಲ್ಲಿ ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಜಾಸ್ತಿ ಅಂತಿದ್ರೆ ಟ್ಯಾಕ್ಸ್ ಲೆಕ್ಕದ ಆದಾಯದಿಂದ 75,000 ಕಳೀಬೋದು. ಅದಕ್ಕೆಲ್ಲ ಟೈಮಿದೆ. ಈಗ ಕಿವಿ, ನೋಟ್‌ಬುಕ್ಕು, ಅಜ್ಜಿ.

ಪ್ರಶ್ನೆ: ಮೇಡಂರೀ, ನಾನು ಹುಬ್ಬಳ್ಳಿಯಾಂವ, ಪುಣೆದಾಗ ಹಿಂಜೆವಾಡಿಯಾಗ ಐಟಿ ಕಂಪನಿಯಾಗ ಅದೀನಿ. 34 ವರ್ಷ. ಸಣ್ಣಾಂವ ಇದ್ದಾಗಿಂದ ಯಾವ ಕೆಲಸಾನೂ ಪೂರಾ ಮಾಡಂಗಿಲ್ಲ, ಕೀಲಿ ಮರೀತೀನಿ, ಮೀಟಿಂಗ್‌ನಾಗ ತಲಿ ಎಲ್ಲೋ ಇರತೈತಿ. ರೀಲ್ಸ್ ನೋಡಿ ಇದು ಎಡಿಎಚ್‌ಡಿ, ಅಂದ್ರ ಲಕ್ಷ್ಯ ನಿಲ್ಲದ ತೊಂದ್ರಿ, ಅನಸ್ತು. ಆನ್‌ಲೈನ್‌ನಾಗ ಹದಿನೈದು ನಿಮಿಷ ವಿಡಿಯೋ ಕಾಲ್ ಮಾಡಿ ರಿಪೋರ್ಟ್ ಕೊಟ್ಟಾರ. ಸಾಕೇನ್ರೀ? ಕಂಪನಿಗೆ ಹೇಳಬೇಕೇನು?

ಉತ್ತರ: ಸಾಕಾಗಲ್ಲ. ಇಷ್ಟು ವರ್ಷ ನಿಮ್ಮನ್ನ ನೀವೇ ಸೋಮಾರಿ ಅಂತ ಬೈಕೊಂಡಿರ್ತೀರ ಅಂತ ನನಗೆ ಗೊತ್ತು, ಅದಕ್ಕೇ ಸರಿಯಾಗಿ ತಿಳ್ಕೋಬೇಕು. ದೊಡ್ಡವರಿಗೆ 18 ಪ್ರಶ್ನೆಯ ಎಎಸ್‌ಆರ್‌ಎಸ್ ಅಂತ ಒಂದಿದೆ, ಅದೂ ಜರಡಿಯೇ. ಡಾಕ್ಟರು ನೋಡ್ಬೇಕಾದ್ದು 12 ವರ್ಷಕ್ಕಿಂತ ಮುಂಚೆನೇ ಲಕ್ಷಣ ಇತ್ತಾ, ಮನೆ ಮತ್ತೆ ಆಫೀಸು ಹೀಗೆ ಎರಡು ಕಡೆಯಾದ್ರೂ ಕಾಣತ್ತಾ ಅನ್ನೋದನ್ನ. ಅದಕ್ಕೆ ಸಾಕ್ಷಿ ಹುಬ್ಬಳ್ಳಿ ಮನೇಲಿದೆ. ಹಳೇ ಪ್ರಗತಿ ಪತ್ರ ಸಿಕ್ರೆ ತರಿಸ್ಕೊಳ್ಳಿ, ‘ಶಾಣ್ಯಾ ಅದಾನ, ಲಕ್ಷ್ಯ ಇಲ್ಲ’ ಅಂತ ಮಾಸ್ತರ್ರು ಬರೆದ ಒಂದು ಸಾಲು ಆ ವಿಡಿಯೋ ಕಾಲಿಗಿಂತ ಜಾಸ್ತಿ ಹೇಳತ್ತೆ. ಸೈಕಿಯಾಟ್ರಿಸ್ಟ್ ಹತ್ರ ಹೋದಾಗ ಅವ್ವಗ ಫೋನ್ ಹಚ್ಚಿ ಕೊಡಿ, ಡಾಕ್ಟರಿಗೆ ಕನ್ನಡ ಬರಲ್ಲ ಅಂದ್ರೆ ನೀವು ತರ್ಜುಮೆ ಮಾಡ್ಬೇಡಿ, ಮನೆಯವರು ಮಾಡ್ಲಿ, ನಮ್ಮ ಬಗ್ಗೆ ಅವ್ವ ಹೇಳಿದ್ದನ್ನ ನಾವೇ ಹೇಳೋವಾಗ ಅರ್ಧ ಬಿಟ್ಟೇ ಹೇಳ್ತೀವಿ.

ನಿದ್ದೆ, ಥೈರಾಯ್ಡ್, ಆತಂಕ, ಖಿನ್ನತೆ ಇವೂ ಥೇಟ್ ಹೀಗೇ ಕಾಣ್ಬೋದು, ಅದನ್ನ ನೋಡಿಸಿ. ಔಷಧಿ ಬರೆಯೋದು ಡಾಕ್ಟರು ಮಾತ್ರ, ಸೈಕಾಲಜಿಸ್ಟ್ ಅಲ್ಲ. ಇದಕ್ಕೆ ಕೊಡೋ ಮಿಥೈಲ್‌ಫೆನಿಡೇಟ್ ಮಾತ್ರೆ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ಕಾಯ್ದೆಯೊಳಗೆ ಬರತ್ತೆ, ಶುರು ಮಾಡೋ ಮುಂಚೆ ಬಿಪಿ, ಹಾರ್ಟ್ ವಿಷಯ ಕೇಳ್ತಾರೆ, ಗೆಳೆಯರ ಹತ್ರ ಮಾತ್ರೆ ಇಸ್ಕೊಂಡು ನುಂಗ್ಬೇಡಿ ದಯವಿಟ್ಟು. ಕಂಪನಿಗೆ ಹೇಳಲೇಬೇಕು ಅಂತೇನಿಲ್ಲ. ಮೇಲೆ ಹೇಳಿದ ಅಂಗವಿಕಲರ ಕಾಯ್ದೆಯ ಆ 21ರ ಪಟ್ಟಿಯಲ್ಲಿ ಎಡಿಎಚ್‌ಡಿ ಹೆಸರಿಲ್ಲ, ಅದೊಂದಕ್ಕೇ ಸರ್ಟಿಫಿಕೇಟ್ ಸಿಗಲ್ಲ, ನನಗೆ ಇದು ಅನ್ಯಾಯ ಅಂತ್ಲೇ ಅನ್ಸತ್ತೆ. ನಿಮಗೆ ಮಕ್ಕಳಿದ್ರೆ ಅವರ ಮೇಲೂ ಒಂದು ಕಣ್ಣಿಡಿ, ಇದು ಮನೆತನದಲ್ಲಿ ಬರೋದುಂಟು.

ಪ್ರಶ್ನೆ: ಅಕ್ಕಾರ, ಅಣ್ಣನ ಮಗಳು 5 ವರ್ಷ, ಒಂದ್ ಕಡೆ ಕೂಡಂಗಿಲ್ಲ, ಮಾತು ಸ್ಪಷ್ಟ ಇಲ್ಲ. ವಾಸ್ಕೋ ಜುವಾರಿನಗರದಾಗ ಅದಾರ, ಗೌಂಡಿ ಕೆಲಸ. ಪ್ರೈವೇಟಿಗೆ ರೊಕ್ಕ ಇಲ್ಲ.

ಉತ್ತರ: ರೊಕ್ಕ ಇಲ್ಲದೇನೂ ಆಗತ್ತೆ. ಅಂಗನವಾಡಿ ಅಥವಾ ಸರ್ಕಾರಿ ಶಾಲೇಲಿ ಆರ್‌ಬಿಎಸ್‌ಕೆ ಅನ್ನೋ ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ ಕೇಳಿ, ಹುಟ್ಟಿದಾಗಿಂದ 18 ವರ್ಷದವರೆಗೂ ಫ್ರೀ. ಇಲ್ಲಾಂದ್ರೆ ನೇರ ಬಾಂಬೋಳಿಗೆ ಹೋಗಿ, ಗೋವಾ ಮೆಡಿಕಲ್ ಕಾಲೇಜಿನ ಮಕ್ಕಳ ವಿಭಾಗವೂ ಅಲ್ಲೇ, ಮಾನಸಿಕ ಆರೋಗ್ಯದ ಐಪಿಎಚ್‌ಬಿಯೂ ಅಲ್ಲೇ. ಸೇತು ಅನ್ನೋ ಸಂಸ್ಥೆಯೂ ಗೋವಾದಲ್ಲಿ ಮಕ್ಕಳ ಬೆಳವಣಿಗೆಗೆ ಅಂತಾನೇ ಕೆಲಸ ಮಾಡತ್ತೆ, ಅವರನ್ನೂ ಕೇಳಿ ನೋಡಿ. ಅಲ್ಲಿ ಮಾತು ಕೊಂಕಣಿ ಹಿಂದಿ ಇರತ್ತೆ, ಅದಕ್ಕೆ ಕನ್ನಡ ಹಿಂದಿ ಎರಡೂ ಬರೋ ದೊಡ್ಡವರೊಬ್ಬರನ್ನ ಕರ್ಕೊಂಡು ಹೋಗಿ, ಮಗುವಿನ ಅಣ್ಣನ್ನೋ ಅಕ್ಕನ್ನೋ ದುಭಾಷಿ ಮಾಡ್ಬೇಡಿ, ಪಾಪ ಅವರೂ ಮಕ್ಕಳೇ. ಒಂದು ದಿನದ ಕೂಲಿ ಹೋಗತ್ತೆ ಅಂತ ಗೊತ್ತು, ಆದ್ರೂ ತಾಯಿ ಜೊತೆಗಿರಲೇಬೇಕು, ಡಾಕ್ಟರ್ ಕೇಳೋದಕ್ಕೆಲ್ಲ ಉತ್ತರ ಅವರ ಹತ್ರ ಮಾತ್ರ ಇರತ್ತೆ. ತಾಯಿ ಕಾರ್ಡು, ಲಸಿಕೆ ಕಾರ್ಡು ಇಟ್ಕೊಳ್ಳಿ, ಕೂಸಿಗೆ ಇಷ್ಟ ಆಗೋ ಒಂದು ಆಟಿಗೆ, ತಿನ್ನೋಕೆ ಏನಾದ್ರೂ, ಮತ್ತೆ ಸಾಲಲ್ಲಿ ನಿಲ್ಲೋಕೆ ಬೆಳಗ್ಗೆ ಬೇಗ ಹೊರಡಿ.