ವಾರಾಂತ್ಯಕ್ಕೊಂದು ಊರು: ಜರ್ಮನಿಯಲ್ಲಿ ಓದುತ್ತಿರುವವರ ಪ್ರಶ್ನೆಗಳಿಗೆ ಉತ್ತರ

ಶನಿವಾರ, ಭಾನುವಾರ ಗೆಳೆಯರ ಜೊತೆ ಪಕ್ಕದ ದೇಶದ ಊರೊಂದನ್ನು ನೋಡಿ ಬರುವ ಬಗ್ಗೆ ಜರ್ಮನಿಯ ವಿದ್ಯಾರ್ಥಿಗಳು ಕೇಳಿರುವ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾವು ಐವರು ಮ್ಯೂನಿಕ್‌ನಲ್ಲಿ ಎಂ.ಎಸ್. ಓದುತ್ತಿದ್ದೇವೆ. ಪ್ಯಾರಿಸ್‌ಗೆ ತುಂಬ ಅಗ್ಗದ ವಿಮಾನ ಟಿಕೆಟ್ ಕಾಣುತ್ತಿದೆ. ಇಬ್ಬರು ಮಾತ್ರ ಸಾಲ್ಜ್‌ಬರ್ಗ್ ಸಾಕು ಅನ್ನುತ್ತಿದ್ದಾರೆ. ಯಾವುದು ಸರಿ?

ಟಿಕೆಟ್ ದರ ನೋಡಿ ಊರು ಆರಿಸಬೇಡಿ. ರೂಮಿನ ಬಾಗಿಲಿಂದ ಹಾಸ್ಟೆಲ್ ಬಾಗಿಲಿಗೆ ಎಷ್ಟು ಗಂಟೆ ಎಂದು ಲೆಕ್ಕ ಹಾಕಿ. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿ ಮರಳುವುದಾದರೆ ನಿದ್ದೆ ಕಳೆದು ನಿಮಗೆ ಸಿಗುವುದು ಹೆಚ್ಚೆಂದರೆ ಮೂವತ್ತು ಗಂಟೆ.

ಅಗ್ಗದ ವಿಮಾನಗಳು ಎಷ್ಟೋ ಸಲ ಊರಿನ ಹೆಸರು ಹೊತ್ತ ದೂರದ ನಿಲ್ದಾಣಗಳಿಂದ ಹಾರುತ್ತವೆ. ‘ಮ್ಯೂನಿಕ್ ವೆಸ್ಟ್’ ಎಂದು ಕರೆಸಿಕೊಳ್ಳುವ ಮೆಮಿಂಗನ್ ಮ್ಯೂನಿಕ್‌ನಿಂದ ಸುಮಾರು 110 ಕಿ.ಮೀ. ದೂರದಲ್ಲಿದೆ. ‘ಪ್ಯಾರಿಸ್ ಬೊವೆ’ ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ. ಆಚೆ ಇದೆ. ವಿಮಾನ ಗಾಳಿಯಲ್ಲಿರುವುದು ಒಂದೂವರೆ ಗಂಟೆಯೇ ಇರಬಹುದು. ನಿಲ್ದಾಣಕ್ಕೆ ಹೋಗುವುದು, ಎರಡು ಗಂಟೆ ಮುಂಚೆ ತಲುಪಿ ಕಾಯುವುದು, ಇಳಿದ ಮೇಲೆ ಬಸ್ಸು ಹಿಡಿಯುವುದು ಎಲ್ಲ ಸೇರಿದರೆ ಒಂದು ಕಡೆಗೇ ಆರೇಳು ಗಂಟೆ ಹೋಗುತ್ತದೆ. ಟಿಕೆಟ್ಟಿನ ದರಕ್ಕೆ ಎರಡೂ ಕಡೆಯ ಬಸ್ಸಿನ ದರವನ್ನೂ ಕೂಡಿಸಿ ನೋಡಿ.

ಬ್ಯಾಗ್ ಇನ್ನೊಂದು ವಿಷಯ. ಅತಿ ಅಗ್ಗದ ಟಿಕೆಟ್ಟಿನಲ್ಲಿ ಸೀಟಿನ ಕೆಳಗೆ ಹಿಡಿಸುವ ಒಂದೇ ಚೀಲಕ್ಕೆ ಅವಕಾಶವಿರುತ್ತದೆ. ಹಲವು ಕಂಪನಿಗಳಲ್ಲಿ ಅದರ ಅಳತೆ 40×30×20 ಸೆಂ.ಮೀ. ಆಸುಪಾಸಿನದು. ಚಕ್ರ, ಹಿಡಿಕೆ, ಉಬ್ಬಿದ ಮುಂದಿನ ಜೇಬು ಎಲ್ಲ ಸೇರಿಸಿಯೇ ಅಳೆಯಿರಿ. ಗೇಟಿನಲ್ಲಿ ಚೀಲ ಚೌಕಟ್ಟಿನೊಳಗೆ ಇಳಿಯದಿದ್ದರೆ ಕಟ್ಟಬೇಕಾಗುವ ದಂಡ ಟಿಕೆಟ್ಟಿಗಿಂತ ಹೆಚ್ಚಾಗುವುದು ಅಪರೂಪವೇನಲ್ಲ.

ಸಾಲ್ಜ್‌ಬರ್ಗ್‌ಗಾದರೆ ಪ್ರಾದೇಶಿಕ ರೈಲಿನಲ್ಲಿ ಎರಡು ಗಂಟೆಯೊಳಗೆ ಮುಟ್ಟುತ್ತೀರಿ. ಊರು ಆಸ್ಟ್ರಿಯಾದಲ್ಲಿದ್ದರೂ ಅಲ್ಲಿನ ಮುಖ್ಯ ನಿಲ್ದಾಣದವರೆಗೆ ಡಾಯ್ಚ್‌ಲಾಂಡ್ ಟಿಕೆಟ್ (ಜರ್ಮನಿಯ ಪ್ರಾದೇಶಿಕ ರೈಲು, ಬಸ್ಸುಗಳ ತಿಂಗಳ ಪಾಸ್) ನಡೆಯುತ್ತದೆ. ಅದಿಲ್ಲದವರು ಸೇರಿ ಒಂದು ದಿನದ ಬಾಯರ್ನ್ (ಬವೇರಿಯಾ ರಾಜ್ಯದ) ಟಿಕೆಟ್ ಕೊಳ್ಳಬಹುದು. ಒಂದರಲ್ಲಿ ಐವರವರೆಗೆ ಹೋಗಬಹುದು. ಶನಿವಾರ, ಭಾನುವಾರ ಅದು ಮಧ್ಯರಾತ್ರಿಯಿಂದ ಮರುದಿನ ಬೆಳಗಿನ ಜಾವ 3 ಗಂಟೆವರೆಗೆ ನಡೆಯುತ್ತದೆ. ವಾರದ ದಿನಗಳಲ್ಲಾದರೆ ಬೆಳಿಗ್ಗೆ 9ರ ನಂತರ ಮಾತ್ರ. ಪ್ರಯಾಣಿಕರೆಲ್ಲರ ಹೆಸರು ಅದರಲ್ಲಿರಬೇಕು. ಐಸಿಇ, ಐಸಿ, ಇಸಿ ಎಂಬ ದೂರದ ವೇಗದ ರೈಲುಗಳಿಗೆ ಈ ಎರಡೂ ಟಿಕೆಟ್ ಆಗುವುದಿಲ್ಲ. ಒಂದೇ ಪ್ಲಾಟ್‌ಫಾರ್ಮಿಗೆ ಎರಡೂ ಬಗೆಯ ರೈಲು ಬರುವುದರಿಂದ ಹತ್ತುವ ಮೊದಲು ಬೋಗಿಯ ಮೇಲಿನ ಹೆಸರು ಓದಿ.

ನಮ್ಮ ಮತ ಆ ಇಬ್ಬರ ಕಡೆಗೆ. ಪ್ಯಾರಿಸನ್ನು ಸೋಮವಾರದ ರಜೆಯೂ ಸೇರುವ ವಾರಕ್ಕೆ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಪ್ರವೇಶ ವೀಸಾ ಮುಗಿದಿದೆ, ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ಇನ್ನೂ ಬಂದಿಲ್ಲ. ಅದು ಬರುವವರೆಗೆ ವಿದೇಶಿಯರ ಕಚೇರಿ ಕೊಟ್ಟ ತಾತ್ಕಾಲಿಕ ಪತ್ರ ಫಿಕ್ಟಿಯೋನ್ಸ್‌ಬೆಶೈನಿಗುಂಗ್ ಮಾತ್ರ ಇದೆ. ಗೆಳತಿಯರ ಜೊತೆ ಪ್ರಾಗ್‌ಗೆ ಹೋಗಬಹುದೇ?

ಕಾರ್ಡ್ ಕೈಯಲ್ಲಿದ್ದವರಿಗೆ ಚಿಂತೆಯಿಲ್ಲ. ಜರ್ಮನಿಯ ಪರ್ಮಿಟ್ ಮತ್ತು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಇದ್ದರೆ ಉಳಿದ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ) ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನದವರೆಗೆ ಓಡಾಡಬಹುದು. ಅವಧಿ ಮುಗಿಯದ ಡಿ ವೀಸಾ (ಓದಲು ಬರುವಾಗ ಕೊಡುವ ದೀರ್ಘಾವಧಿ ವೀಸಾ) ಇದ್ದರೂ ಹಾಗೆಯೇ.

ನಿಮ್ಮ ವಿಷಯದಲ್ಲಿ ಆ ಕಾಗದದ ಮೂರನೇ ಪುಟ ತೆರೆಯಿರಿ. ಅಲ್ಲಿ ಮೂರು ಚೌಕಗಳಿವೆ. ಮೂರನೆಯದಕ್ಕೆ, ಅಂದರೆ ವಾಸದ ಕಾನೂನಿನ 81ನೇ ಸೆಕ್ಷನ್‌ನ 4ನೇ ಉಪವಿಧಿಗೆ ಗುರುತು ಬಿದ್ದಿದ್ದರೆ, ಹಳೆಯ ವೀಸಾದ ಜೊತೆ ಅದನ್ನು ತೋರಿಸಿ ಜರ್ಮನಿಗೆ ಮರಳಬಹುದು. ಮೊದಲ ಅಥವಾ ಎರಡನೇ ಚೌಕಕ್ಕೆ ಬಿದ್ದಿದ್ದರೆ ಗಡಿ ದಾಟಲೇಬೇಡಿ. ವೀಸಾ ಇಲ್ಲದೆ ಮರಳುವ ಹಕ್ಕು ಅದರಿಂದ ಸಿಗುವುದಿಲ್ಲ. ಮೂರನೆಯದೇ ಆಗಿದ್ದರೂ ಕಚೇರಿಗೆ ಇಮೇಲ್ ಬರೆದು, ಬಂದ ಉತ್ತರದ ಪ್ರತಿಯನ್ನು ಜೊತೆಗಿಟ್ಟುಕೊಳ್ಳಿ. ಹೊರಡುವ ದಿನದೊಳಗೆ ಉತ್ತರ ಬರದಿದ್ದರೆ ಈ ಸಲ ಡ್ರೆಸ್ಡನ್, ಹ್ಯಾಂಬರ್ಗ್ ಅಥವಾ ಬರ್ಲಿನ್. ಗೆಳತಿಯರು ಮುಖ ಸಣ್ಣ ಮಾಡಿಕೊಂಡಾರು. ಆದರೆ ಭಾನುವಾರ ರಾತ್ರಿ ಗಡಿಯಲ್ಲಿ ನಿಮ್ಮೊಬ್ಬರನ್ನು ಬಸ್ಸಿನಿಂದ ಇಳಿಸಿದರೆ ಅವರೇನೂ ಮಾಡಲಾಗದು.

ಎಲ್ಲರಿಗೂ ಅನ್ವಯಿಸುವ ಮಾತೊಂದಿದೆ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ಷೆಂಗೆನ್ ಒಳಗೇ ಅಲ್ಲವೇ ಎಂದು ಪಾಸ್‌ಪೋರ್ಟ್ ರೂಮಿನಲ್ಲಿ ಬಿಟ್ಟು ಹೋಗಬೇಡಿ, ಫೋನಿನಲ್ಲಿರುವ ಫೋಟೊ ಸಾಲದು. ಪಾಸ್‌ಪೋರ್ಟ್ ಒಂದು ಕಡೆ, ಪರ್ಮಿಟ್ ಕಾರ್ಡ್ ಇನ್ನೊಂದು ಕಡೆ ಇರಲಿ. ಕಳ್ಳತನವಾದರೆ ಎರಡೂ ಒಟ್ಟಿಗೆ ಹೋಗಬಾರದು. ಲಂಡನ್, ಡಬ್ಲಿನ್‌ಗೆ ಮಾತ್ರ ಯಾವ ಕಾರ್ಡ್ ಇದ್ದರೂ ಆಗುವುದಿಲ್ಲ. ಬ್ರಿಟನ್ ಮತ್ತು ಐರ್ಲೆಂಡ್ ಷೆಂಗೆನ್‌ಗೆ ಸೇರಿಲ್ಲ, ಭಾರತೀಯರಿಗೆ ಬೇರೆ ವೀಸಾ ಬೇಕು.

ಪ್ರಶ್ನೆ: ಆರು ಜನ ಹೋದರೆ ದುಡ್ಡಿನ ಲೆಕ್ಕದಲ್ಲಿ ಮನಸ್ತಾಪ ಬಂದೇ ಬರುತ್ತದೆ. ಪ್ರಾಗ್‌ನಲ್ಲಿ ಯೂರೋ ಕೂಡ ನಡೆಯುವುದಿಲ್ಲವಂತೆ. ಏನು ಮಾಡುವುದು?

ಮನಸ್ತಾಪ ಬರುವುದು ಹೆಚ್ಚಾಗಿ ಯಾರಾದರೂ ಕೊನೇ ಗಳಿಗೆಯಲ್ಲಿ ಬರುವುದಿಲ್ಲ ಎಂದಾಗ. ಆದ್ದರಿಂದ ಬುಕ್ ಮಾಡುವ ಮೊದಲೇ ಗುಂಪಿನಲ್ಲಿ ಬರೆದು ಹಾಕಿ: ಹಿಂದೆ ಸರಿದವರು ತಮ್ಮ ಹಾಸಿಗೆಯ ದುಡ್ಡು ಕೊಡಬೇಕು, ಅಥವಾ ಬದಲಿಗೆ ಒಬ್ಬರನ್ನು ಹುಡುಕಬೇಕು. ಹಾಸ್ಟೆಲ್ಲನ್ನು ಒಬ್ಬರೇ ಬುಕ್ ಮಾಡಲಿ, ಉಚಿತ ರದ್ದತಿಯ ಕೊನೆಯ ದಿನಾಂಕವನ್ನು ಎಲ್ಲರಿಗೂ ತಿಳಿಸಲಿ. ರೈಲು, ವಿಮಾನದ ಟಿಕೆಟ್ ಮಾತ್ರ ಅವರವರೇ ಮಾಡಿಕೊಳ್ಳುವುದು ಒಳ್ಳೆಯದು. ಇನಿಷಿಯಲ್ ಬಿಡಿಸಿ ಬರೆದ ಹೆಸರು, ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟ್ ನಮ್ಮಲ್ಲಿ ಸಾಮಾನ್ಯ. ಬೇರೆಯವರು ಅವಸರದಲ್ಲಿ ತುಂಬಿದಾಗ ತಪ್ಪುವುದು ಇಲ್ಲೇ. ಸರ್‌ನೇಮ್ ಇಲ್ಲದವರು ಏನು ತುಂಬಬೇಕೆಂದು ಆಯಾ ವಿಮಾನ ಕಂಪನಿಯ ನಿಯಮದಲ್ಲೇ ಓದಿಕೊಳ್ಳಬೇಕು.

ಖರ್ಚನ್ನು ಸ್ಪ್ಲಿಟ್‌ವೈಸ್‌ನಂಥ ಆ್ಯಪ್‌ನಲ್ಲಿ ಆಯಾ ಹೊತ್ತಿಗೇ ಹಾಕಿ, ರಾತ್ರಿ ಕೂತು ನೆನಪಿಸಿಕೊಳ್ಳುವುದು ಬೇಡ. ಬಿಯರ್ ಕುಡಿಯದವರ, ಮಾಂಸ ತಿನ್ನದವರ ಬಿಲ್ಲನ್ನು ಸಮನಾಗಿ ಹಂಚಬೇಡಿ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಮುಂದಿನ ಪ್ರವಾಸಕ್ಕೆ ಬರುವುದೂ ಇಲ್ಲ.

ಜೆಕ್ ಹಣ ಕೊರುನಾ. ಹೆಚ್ಚಿನ ಕಡೆ ಕಾರ್ಡ್ ನಡೆಯುವುದರಿಂದ ನಗದು ಸ್ವಲ್ಪ ಇದ್ದರೆ ಸಾಕು. ಎಟಿಎಂನಲ್ಲಿ ತೆಗೆಯುವಾಗ ಒಂದು ಪರದೆ ಬರುತ್ತದೆ: ಇಷ್ಟು ಕೊರುನಾಕ್ಕೆ ನಿಮ್ಮ ಖಾತೆಯಿಂದ ಇಷ್ಟು ಯೂರೋ ಕಡಿತವಾಗುತ್ತದೆ, ಒಪ್ಪುತ್ತೀರಾ ಎಂದು. ಒಪ್ಪುವ ಗುಂಡಿ ಎದ್ದು ಕಾಣುತ್ತದೆ, ಒಲ್ಲೆ ಎನ್ನುವುದು ಮೂಲೆಯಲ್ಲಿರುತ್ತದೆ. ಒಲ್ಲೆ ಎನ್ನುವುದನ್ನೇ ಒತ್ತಿ. ಹಣ ಬಂದೇ ಬರುತ್ತದೆ, ಪರಿವರ್ತನೆ ನಿಮ್ಮ ಬ್ಯಾಂಕಿನ ದರದಲ್ಲಿ ಆಗುತ್ತದೆ. ಯಂತ್ರ ಹೇಳುವ ದರದಲ್ಲಿ ಅದರ ಒಡೆಯರ ಲಾಭ ಸೇರಿರುತ್ತದೆ. ಹೋಟೆಲಿನ ಕಾರ್ಡ್ ಯಂತ್ರ ಯೂರೋನೋ ಕೊರುನಾನೋ ಎಂದು ಕೇಳಿದರೂ ಕೊರುನಾ ಎನ್ನಿ.

ಪ್ರಾಗ್ ಟ್ರ್ಯಾಮಿಗೆ ಕಾಗದದ ಟಿಕೆಟ್ ಕೊಂಡರಷ್ಟೇ ಸಾಲದು, ಹಳದಿ ಪೆಟ್ಟಿಗೆಯಲ್ಲಿ ತೂರಿಸಿ ಸಮಯದ ಮುದ್ರೆ ಹಾಕಿಸಬೇಕು. ಮೆಟ್ರೊದಲ್ಲಿ ಆ ಪೆಟ್ಟಿಗೆ ಇರುವುದು ಕೆಳಗಿಳಿಯುವ ಮೊದಲು. 24 ಗಂಟೆಯ ಟಿಕೆಟ್‌ಗೆ ಮುದ್ರೆ ಒಂದೇ ಸಲ. ಮುದ್ರೆಯಿಲ್ಲದ ಟಿಕೆಟ್ ಇದ್ದರೂ ಇಲ್ಲದಂತೆ, ದಂಡ ತಪ್ಪದು.

ಪ್ರಶ್ನೆ: ಪ್ಯಾರಿಸ್‌ನ ಮ್ಯೂಸಿಯಂಗಳಲ್ಲಿ 26 ವರ್ಷದೊಳಗಿನವರಿಗೆ ಉಚಿತ ಪ್ರವೇಶವಂತೆ. ಅದು ಯುರೋಪಿನ ಪ್ರಜೆಗಳಿಗೆ ಮಾತ್ರವೇ?

ಅಲ್ಲ. ಲೂವ್ರ್, ಓರ್ಸೇ, ವರ್ಸಾಯ್ ಅರಮನೆ ಈ ಮೂರರಲ್ಲೂ ಐರೋಪ್ಯ ಒಕ್ಕೂಟದಲ್ಲಿ ವಾಸವಿರುವ 18ರಿಂದ 25 ವರ್ಷದವರಿಗೆ ಕಾಯಂ ಪ್ರದರ್ಶನ ಉಚಿತ. ವಾಸವಷ್ಟೇ ಮುಖ್ಯ, ಪೌರತ್ವವಲ್ಲ. ನಿಮ್ಮ ಜರ್ಮನ್ ಪರ್ಮಿಟ್ ಕಾರ್ಡೇ ಪುರಾವೆ. ವಿಶ್ವವಿದ್ಯಾಲಯದ ಗುರುತಿನ ಚೀಟಿ ಮಾತ್ರ ತೋರಿಸಿದರೆ ಸಾಲದು. ಉಚಿತವೆಂದು ನೇರ ಬಾಗಿಲಿಗೆ ಹೋಗದೆ ಲೂವ್ರ್‌ಗೆ ಸಮಯ ಕಾಯ್ದಿರಿಸಿಕೊಳ್ಳಿ. ಲೂವ್ರ್‌ಗೆ ಮಂಗಳವಾರ, ಓರ್ಸೇ ಮತ್ತು ವರ್ಸಾಯ್‌ಗೆ ಸೋಮವಾರ ರಜೆ. ಇನ್ನು ಆಮ್‌ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮನೆ ನೋಡುವ ಆಸೆ ಇದ್ದರೆ ಅದಕ್ಕೆ ತಕ್ಕಂತೆಯೇ ದಿನ ಗೊತ್ತುಮಾಡಬೇಕು. ಟಿಕೆಟ್ ಆನ್‌ಲೈನಿನಲ್ಲಷ್ಟೇ ಸಿಗುತ್ತದೆ, ಪ್ರತಿ ಮಂಗಳವಾರ ಆರು ವಾರ ಮುಂದಿನ ದಿನಗಳಿಗೆ ಬಿಡುತ್ತಾರೆ.

ಪ್ರಶ್ನೆ: ಸೋಮವಾರ ಬೆಳಿಗ್ಗೆ 8ಕ್ಕೆ ಲ್ಯಾಬ್ ಇದೆ. ಭಾನುವಾರ ರಾತ್ರಿ ರೈಲು ತಡವಾಗಿ ಮುಂದಿನದು ತಪ್ಪಿದರೆ?

ಮರಳುವ ಟಿಕೆಟ್ಟನ್ನು ನಿಮ್ಮ ಊರಿನ ನಿಲ್ದಾಣದವರೆಗೆ ಒಂದೇ ಟಿಕೆಟ್ಟಾಗಿ ಕೊಳ್ಳಿ. ಐಸಿಇ ಟಿಕೆಟ್ ದೊಡ್ಡ ಊರಿನವರೆಗೆ ಮಾಡಿ, ಅಲ್ಲಿಂದ ಡಾಯ್ಚ್‌ಲಾಂಡ್ ಟಿಕೆಟ್ಟಿನಲ್ಲಿ ಹೋದರಾಯಿತು ಎಂದುಕೊಂಡರೆ ಅವು ಎರಡು ಬೇರೆ ಪ್ರಯಾಣಗಳಾಗುತ್ತವೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿಲ್ಲ. ಒಂದೇ ಟಿಕೆಟ್ಟಾದರೆ, ಊರು ಮುಟ್ಟುವುದು 20 ನಿಮಿಷಕ್ಕಿಂತ ತಡವಾಗುವಂತಿದ್ದರೆ ನಿಗದಿತ ರೈಲಿನ ಕಟ್ಟುಪಾಡು ಸಡಿಲವಾಗಿ ಬೇರೆ ರೈಲು ಹಿಡಿಯಬಹುದು. 60 ನಿಮಿಷ ತಡವಾದರೆ ದರದ ಶೇ. 25, 120 ನಿಮಿಷ ಆದರೆ ಶೇ. 50 ಮರಳಿ ಕೇಳಬಹುದು. ವಿಮಾನ 1,500 ಕಿ.ಮೀ. ಒಳಗಿನದಾಗಿ ಮೂರು ಗಂಟೆ ತಡವಾಗಿ ಮುಟ್ಟಿದರೆ 250 ಯೂರೋ ಪರಿಹಾರವಿದೆ. ಹವಾಮಾನದಂಥ ಕಾರಣಕ್ಕೆ ಪರಿಹಾರವಿಲ್ಲ, ಆದರೂ ಊಟ, ಅಗತ್ಯಬಿದ್ದರೆ ತಂಗಲು ಜಾಗ ಕೊಡಲೇಬೇಕು.

ಇಷ್ಟಾದರೂ ಪರಿಹಾರದ ದುಡ್ಡಿನಿಂದ ಲ್ಯಾಬಿನ ಹಾಜರಿ ಬರುವುದಿಲ್ಲ. ಕೊನೆಯ ರೈಲನ್ನು ಬಿಟ್ಟು ಅದರ ಹಿಂದಿನದಕ್ಕಿಂತಲೂ ಹಿಂದಿನದಕ್ಕೆ ಟಿಕೆಟ್ ಮಾಡಿ, ಬದಲಿಸುವ ಕಡೆ ಕನಿಷ್ಠ 30 ನಿಮಿಷ ಬಿಡುವು ಇರಲಿ. ಬುಕಿಂಗ್ ಆ್ಯಪ್ ಎಂಟು ನಿಮಿಷದ ಬದಲಾವಣೆಯನ್ನೂ ಧಾರಾಳವಾಗಿ ತೋರಿಸುತ್ತದೆ. ಬದಲಿಸುವ ಸಮಯವನ್ನು ಅದರಲ್ಲೇ ಹೆಚ್ಚಿಸಿಕೊಂಡು ಹುಡುಕಬಹುದು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುವುದರಿಂದ ಬ್ರೆಡ್ಡು, ಹಣ್ಣು, ನೀರನ್ನು ಶನಿವಾರ ಸಂಜೆಯೇ ತಂದಿಟ್ಟುಕೊಳ್ಳಿ. ಮರೆತರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿ ತೆರೆದಿರುತ್ತದೆ, ಬೆಲೆ ಮಾತ್ರ ಹೆಚ್ಚು.