ಅಮೆರಿಕದಲ್ಲಿ ರಾಜ್ಯಕ್ಕೊಂದು ಮತದಾನದ ನಿಯಮ ಯಾಕೆ?

ಅಲ್ಲಿನ ಸಂವಿಧಾನವೇ ಹಾಗಿದೆ. ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ನಡೆಯುವ ಚುನಾವಣೆ ಯಾವಾಗ, ಎಲ್ಲಿ, ಹೇಗೆ ಅನ್ನೋದನ್ನು ಮೊದಲು ತೀರ್ಮಾನಿಸುವುದು ಆಯಾ ರಾಜ್ಯದ ಶಾಸನಸಭೆ. ಬೇಕಿದ್ದರೆ ಕಾಂಗ್ರೆಸ್ ಅದನ್ನು ಬದಲಿಸಬಹುದು. ಇಡೀ ದೇಶದ ಮತದಾನ ನಡೆಸುವ ಒಂದೇ ಆಯೋಗ ಅಲ್ಲಿಲ್ಲ.

ಹಾಗಾಗಿ ವ್ಯತ್ಯಾಸ ಜಾಸ್ತಿ. ನಾರ್ತ್ ಡಕೋಟಾದಲ್ಲಿ ಮತದಾರರ ನೋಂದಣಿಯೇ ಇಲ್ಲ. ಆರೆಗಾನ್‌ನಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಟೆಕ್ಸಾಸ್‌ನ ಮತಗಟ್ಟೆಯಲ್ಲಿ ಗುರುತಿಗೆ ಪಿಸ್ತೂಲಿನ ಲೈಸೆನ್ಸ್ ತೋರಿಸಿದರೆ ನಡೆಯುತ್ತದೆ, ಕಾಲೇಜಿನ ಐಡಿ ಕಾರ್ಡ್ ನಡೆಯುವುದಿಲ್ಲ. ಇದು ಸುಮ್ನೆ ಕಾಗದಪತ್ರದ ವಿಷಯ ಅಲ್ಲ. ಯಾರಿಗೆ ಓಟು ಹಾಕುವುದು ಸುಲಭ, ಯಾರಿಗೆ ಕಷ್ಟ ಅನ್ನೋದು ಇಲ್ಲೇ ತೀರ್ಮಾನವಾಗುತ್ತದೆ ಅಲ್ವಾ?

ಹಿಂದೆ ದಕ್ಷಿಣದ ರಾಜ್ಯಗಳು ಕಪ್ಪು ಜನರನ್ನು ದೂರವಿಡಲು ಓದು-ಬರಹದ ಪರೀಕ್ಷೆ ಒಡ್ಡುತ್ತಿದ್ದವು. 1965ರ ಮತದಾನ ಹಕ್ಕುಗಳ ಕಾಯ್ದೆ ಅದನ್ನು ತಡೆಯಿತು. ತಾರತಮ್ಯದ ಚರಿತ್ರೆಯಿದ್ದ ರಾಜ್ಯಗಳು ನಿಯಮ ಬದಲಿಸುವ ಮೊದಲೇ ಕೇಂದ್ರದ ಒಪ್ಪಿಗೆ ಪಡೆಯಬೇಕಿತ್ತು. 2013ರಲ್ಲಿ, ಶೆಲ್ಬಿ ಕೌಂಟಿ ಪ್ರಕರಣದಲ್ಲಿ, ಆ ರಾಜ್ಯಗಳನ್ನು ಗುರುತಿಸುವ ಸೂತ್ರವನ್ನೇ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹಾಗಾಗಿ ಮೊದಲೇ ಒಪ್ಪಿಗೆ ಪಡೆಯುವ ಕಟ್ಟುಪಾಡೂ ನಿಂತುಹೋಯಿತು. ನನ್ನ ಪ್ರಕಾರ ದೊಡ್ಡ ತಿರುವು ಅದೇ. ಅಂಥ ರಾಜ್ಯಗಳಲ್ಲಿ ಒಂದಾಗಿದ್ದ ಜಾರ್ಜಿಯಾದ 2021ರ ಕಾನೂನನ್ನೇ ನೋಡಿ: ಮತಗಟ್ಟೆಯಿಂದ 150 ಅಡಿಯೊಳಗೆ ಸಾಲಿನಲ್ಲಿ ನಿಂತವರ ಕೈಗೆ ಹೊರಗಿನವರು ಒಂದು ನೀರಿನ ಬಾಟಲಿ ಕೊಡುವುದೂ ಅಪರಾಧವಾಯಿತು.